ಅಕ್ಕ, ತಂಗಿ ಮತ್ತು ಕೆಂಪು ಎಣ್ಣೆ

ಯಾರೋ ಎರಡೂ ಕಾಲು ಹಿಡಿದು ಎಳೆದಾಗ ಅವಳು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಳು.

ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದರಿಂದ ಕೂಗಲೂ ಆಗಲಿಲ್ಲ. ಸಿಮೆಂಟು ನೆಲದ ಮೇಲೆ ಬೆನ್ನು ಸರ್ರನೆ ಜಾರಿತು. ಕಣ್ಣು ಬಿಟ್ಟರೆ ಎದುರಿಗೆ ಎಣ್ಣೆ ಮೆತ್ತಿದ ಒಂದು ಗಂಟು ಮುಖ.

ಅವಳು ಟಾರ್ಚು ಉಗುಳಿ, ಒಂದು ಕಾಲು ಬಿಡಿಸಿಕೊಂಡು, ಅವನ ಮೊಣಕಾಲಿಗೆ ಸರಿಯಾಗಿ ಒದ್ದಳು.

“ಏನ್ರೀ ಇದು? ಕಾಲು ಹಿಡಿದು ಎಳೀತೀರಲ್ಲ, ಬುದ್ಧಿ ಇದೆಯಾ ನಿಮಗೆ?”

“ಈ ಗಾಡಿ ಕೂತ್ಕೊಳ್ಳುತ್ತೆ,” ಎಂದ ಅವನು ಮೊಣಕಾಲು ನೀವಿಕೊಳ್ಳುತ್ತಾ. “ಒಳಗಿನ ಒತ್ತಡ ಇಳಿದ್ರೆ ನೆಲಕ್ಕೇ ಕೂತ್ಕೊಳ್ಳುತ್ತೆ. ಅಡಿಯಲ್ಲಿ ಯಾರಿದ್ದಾರೆ ಅಂತ ಅದು ನೋಡಲ್ಲ.”

“ಗೊತ್ತು. ಅದಕ್ಕೇ ಆ ಕಡೆ ಎರಡು ಸ್ಟ್ಯಾಂಡ್ ಕೊಟ್ಟೇ ಒಳಗೆ ಹೋಗಿದ್ದು. ಬಗ್ಗಿ ನೋಡಿ.”

ಅವನು ಬಗ್ಗಿ ನೋಡಿದ. ಸ್ಟ್ಯಾಂಡುಗಳಿದ್ದವು. ಸರಿಯಾದ ಜಾಗದಲ್ಲೇ ಇದ್ದವು.

ಈಗ ಕ್ಷಮೆ ಕೇಳುತ್ತಾನೆ ಎಂದು ಅವಳು ಕಾದಳು. ಅವನು ಟಾರ್ಚು ಎತ್ತಿ ಒರೆಸಿ ಅವಳ ಕೈಗೆ ಕೊಟ್ಟು, ಒಂದು ಮಾತೂ ಆಡದೆ ಶೆಡ್ಡಿನ ಆ ತುದಿಗೆ ಹೊರಟೇ ಹೋದ.

‘ಎಂಥ ಮನುಷ್ಯನಪ್ಪ ಇವನು...’ ಅವಳ ಮೈಯೆಲ್ಲಾ ಉರಿಯಿತು.

ಹಳೆಯ ಕಾರುಗಳನ್ನು ಸಂಗ್ರಹಿಸುವವರ ಸಂಘದಲ್ಲಿ ಅವಳು ಪರೀಕ್ಷಕಿ. ಎರಡು ಕಾರುಗಳ ನಡುವೆ ಮನಸ್ಸು ತೂಗಾಡುವ ಸಂಗ್ರಾಹಕರಿಗೆ, ಎರಡನ್ನೂ ಓಡಿಸಿ, ಬಿಚ್ಚಿ ನೋಡಿ, ಇದು ನಿಮಗಾಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುವುದು ಅವಳ ಕೆಲಸ. ಈ ಬಾರಿ ಬಂದದ್ದು ಡಾಕ್ಟರಮ್ಮನ ಶೆಡ್ಡಿಗೆ.

ಡಾಕ್ಟರಮ್ಮ ಊರವರ ಹಲ್ಲು ಕಿತ್ತು ನಿವೃತ್ತರಾದವರು. ಅವರ ಬಳಿ ಒಂದೇ ಕಂಪನಿಯ ಎರಡು ಫ್ರೆಂಚ್ ಕಾರುಗಳಿದ್ದವು. ಒಂದು ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನದು, ಕಪ್ಪು ಬಣ್ಣ. ಅದನ್ನು ಅವರು ಅಕ್ಕ ಎನ್ನುತ್ತಿದ್ದರು. ಇನ್ನೊಂದು ಅರವತ್ತರ ದಶಕದ ಕೊನೆಯದು, ತಿಳಿ ಬೂದು; ಅದು ತಂಗಿ. ಮೊಣಕಾಲು ನೋವಿನಿಂದಾಗಿ ಡಾಕ್ಟರಮ್ಮ ಮೆಟ್ಟಿಲಿಲ್ಲದ ಸಣ್ಣ ಮನೆಗೆ ಹೋಗುವವರಿದ್ದರು. ಅಲ್ಲಿ ಒಂದೇ ಕಾರಿಗೆ ಜಾಗ.

“ಒಬ್ಬಳನ್ನ ಕಳಿಸಲೇಬೇಕು ಮಗಳೇ,” ಎಂದರು ಡಾಕ್ಟರಮ್ಮ. “ದ್ರಾಕ್ಷಿ ಧಣಿ ಒಬ್ಬರು ಬಂದಿದ್ದಾರೆ. ಸಮುದ್ರದಾಚೆ ಬೆಟ್ಟದ ಮೇಲೆ ಅವರ ತೋಟ. ಗಾಡೀನ ಗಾಜಿನ ಕೋಣೇಲಿ ಇಡಲ್ಲ, ದಿನಾ ಓಡಿಸ್ತಾರಂತೆ. ಯಾರನ್ನ ತಗೋಬೇಕು ಅಂತ ನೀನು ಹೇಳ್ಬೇಕು.”

“ಸರಿ ಅಮ್ಮ. ಎರಡನ್ನೂ ನೋಡಿ ಹೇಳ್ತೀನಿ.”

“ಇನ್ನೊಂದು ವಿಷಯ. ತಂಗಿಯಾದ್ರೆ ಅವರ ನಾಡಿನ ಬಂದರಿನಲ್ಲಿ ನೋಡಿಕೊಳ್ಳೋರು ಇದ್ದಾರಂತೆ. ಅಕ್ಕನನ್ನ ತಗೊಂಡ್ರೆ ಮಾತ್ರ ಅವಳನ್ನ ಬಿಚ್ಚಿ ಮತ್ತೆ ಕಟ್ಟಿದ ಮೇಸ್ತ್ರಿಯೂ ಜೊತೆಗೇ ಹೋಗಿ ಕೆಲವು ವರ್ಷ ಅಲ್ಲೇ ಇರಬೇಕು. ಅಷ್ಟು ಹಳೇ ಗಾಡಿ ಮುಟ್ಟೋಕೆ ಯಾರಿಗೂ ಬರಲ್ಲ ಅಂತ ಧಣಿಗೆ ಭಯ. ಮೇಸ್ತ್ರಿನೂ ಹೂಂ ಅಂದಾಯ್ತು.”

“ಯಾವ ಮೇಸ್ತ್ರಿ?”

“ನೀನು ಒದ್ದೆಯಲ್ಲ, ಅವನೇ.”

‘ಹೋಗಲಿ, ಪೀಡೆ ತೊಲಗಲಿ’ ಎಂದುಕೊಂಡಳು ಅವಳು. ಮೊದಲ ದಿನ ಹಾಗೆ ಅಂದುಕೊಳ್ಳುವುದು ಸುಲಭ.

ಸಂಘದಲ್ಲೊಂದು ಕಟ್ಟಳೆ ಇತ್ತು. ಕಾರಿನ ಒಡೆಯರೊಂದಿಗಾಗಲಿ, ಅದನ್ನು ರಿಪೇರಿ ಮಾಡಿದವರೊಂದಿಗಾಗಲಿ ಪರೀಕ್ಷಕರಿಗೆ ನಂಟು ಇರಬಾರದು. ನಂಟಿದೆ ಎಂದು ಗೊತ್ತಾದರೆ ತೀರ್ಪು ಬಿದ್ದುಹೋಗುತ್ತದೆ, ಪರೀಕ್ಷಕರ ಹೆಸರೂ ಹೋಗುತ್ತದೆ. ಅವಳಿಗೆ ಇದುವರೆಗೆ ಆ ಕಟ್ಟಳೆಯಿಂದ ಯಾವ ತೊಂದರೆಯೂ ಆಗಿರಲಿಲ್ಲ. ಗ್ರೀಸ್ ಹಿಡಿದ ಗಂಡಸರ ಮೇಲೆ ಮನಸ್ಸು ಬರುವಂಥದ್ದು ಏನಿತ್ತು?

ಮರುದಿನದಿಂದ ಪರೀಕ್ಷೆ ಶುರುವಾಯಿತು. ಅವಳು ಓಡಿಸುತ್ತಿದ್ದಳು, ಮೇಸ್ತ್ರಿ ಪಕ್ಕದಲ್ಲಿ ಕೂತಿರುತ್ತಿದ್ದ. ಅವನ ಬಾಯಿಂದ ಮಾತು ಹೊರಡಿಸುವುದು ಡಾಕ್ಟರಮ್ಮನಿಗೂ ಸಾಧ್ಯವಾಗಿರಲಿಲ್ಲ; ಅವರು ಬರೀ ಹಲ್ಲು ಕಿತ್ತವರು.

“ಅಕ್ಕನ ಸ್ಟೀರಿಂಗ್ ಇಷ್ಟೊಂದು ಬಿಗಿ ಯಾಕೆ?”

“ನಿಂತಲ್ಲೇ ತಿರುಗಿಸಿದ್ರೆ ಬಿಗಿ.”

“ಓಡುವಾಗ?”

“ನೋಡಿ.”

‘ನೋಡಿ ಅಂತೆ! ಇವನಿಗೆ ಮಾತಾಡಿದರೆ ಪದಗಳು ಖರ್ಚಾಗುತ್ತವೇನೋ...’

ತಂಗಿಯನ್ನು ಓಡಿಸುವುದು ಬೇರೆಯೇ ಅನುಭವ. ಸ್ಟಾರ್ಟ್ ಮಾಡಿದರೆ ಮಲಗಿದ್ದ ಹಸು ಏಳುವಂತೆ ಮೊದಲು ಹಿಂಭಾಗ ಏಳುತ್ತಿತ್ತು, ಆಮೇಲೆ ಮುಂಭಾಗ. ಗುಂಡಿ ಬಂದರೆ ಗುಂಡಿ ಬಂತೆಂದೇ ತಿಳಿಯುತ್ತಿರಲಿಲ್ಲ. ಬ್ರೇಕಿಗೆ ಪೆಡಲ್ ಬದಲು ಅಣಬೆಯಂಥ ರಬ್ಬರಿನ ಒಂದು ಬಟನ್. ಅದನ್ನು ಕಾಲಿನ ಹೆಬ್ಬೆರಳಲ್ಲಿ ಮೆಲ್ಲಗೆ ಅದುಮಿದರೆ ಸಾಕು. ಎಲ್ಲವೂ ಹಸಿರು ಎಣ್ಣೆಯ ಒತ್ತಡದ ಮೇಲೆ ನಡೆಯುತ್ತಿತ್ತು. ಅಕ್ಕನಲ್ಲಿ ಅಂಥ ನಾಜೂಕು ಯಾವುದೂ ಇಲ್ಲ. ಗೇರಿನ ಕಡ್ಡಿ ಡ್ಯಾಶ್‌ಬೋರ್ಡಿನಿಂದಲೇ ಹೊರಗೆ ಚಾಚಿತ್ತು. ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ಬಂದು ತನ್ನ ವಿಷಯ ಹೇಳಿಹೋಗುತ್ತಿತ್ತು.

ಒಂದು ದಿನ ಏರುರಸ್ತೆಯಲ್ಲಿ ಅಕ್ಕನ ಗೇರು ಬೀಳಲೇ ಇಲ್ಲ. ಕಿರ್ರೆಂದಿತು. ಅವಳು ಮತ್ತೆ ಹಾಕಿದಳು, ಮತ್ತೆ ಕಿರ್ರೆಂದಿತು. ಹಿಂದಿದ್ದ ಲಾರಿ ಹಾರ್ನ್ ಬಾರಿಸತೊಡಗಿತು. ಅವಳ ಕಿವಿಯೆಲ್ಲ ಬಿಸಿಯಾಯಿತು.

“ಕ್ಲಚ್ ಎರಡು ಸಲ ಒತ್ತಿ,” ಎಂದ ಅವನು. “ನಡುವೆ ಒಂದು ಉಸಿರು ಬಿಡಿ.”

“ಗಾಡಿ ಉಸಿರಾ, ನನ್ನ ಉಸಿರಾ?”

“ನಿಮ್ಮದೇ. ಆಗಿನಿಂದ ಹಿಡ್ಕೊಂಡೇ ಇದ್ದೀರಿ.”

ಅವಳು ಉಸಿರು ಬಿಟ್ಟಳು. ಗೇರು ಬೆಣ್ಣೆಯಂತೆ ಬಿತ್ತು. ತಿರುಗಿ ನೋಡಿದರೆ ಆ ಗಂಟು ಮುಖದಲ್ಲಿ ನಗು... ತುಟಿಯ ಒಂದು ಮೂಲೆಯಲ್ಲಿ ಮಾತ್ರ. ಅದೂ ಇವಳು ನೋಡುತ್ತಿದ್ದಾಳೆ ಎಂದು ಗೊತ್ತಾದೊಡನೆ ಒಳಗೆ ಹೋಯಿತು.

ಅಲ್ಲಿಗೆ ಅವಳ ನೆಮ್ಮದಿಯೂ ಹೋಯಿತು ಎನ್ನಿ.

ಸಂಜೆ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಅವಳಿದ್ದದ್ದು ಅಣ್ಣ ಅತ್ತಿಗೆಯ ಜೊತೆ.

“ಪಾತ್ರೆ ಏನು ಮಾಡಿದ್ವೇ ಪುಟ್ಟಿ? ಕೋಪ ಯಾರ ಮೇಲೆ?” ಎಂದರು ಅತ್ತಿಗೆ.

“ಒಬ್ಬ ಮನುಷ್ಯ ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು ಅತ್ತಿಗೆ. ಅದರಲ್ಲಿ ಎರಡು ‘ಹೂಂ’.”

“ನಿಮ್ಮಣ್ಣನೂ ಹಾಗೇ ಇದ್ರು. ಮದುವೆಯಾದ್ಮೇಲೆ ಬಾಯಿ ಬಿಟ್ರು. ಈಗ ಮುಚ್ಚಿಸೋಕೆ ಆಗ್ತಿಲ್ಲ.”

“ಇಲ್ಲಿ ಮದುವೆ ವಿಷಯ ಯಾಕೆ ಬಂತು?”

“ನಾನು ನಿಮ್ಮಣ್ಣನ ಕಥೆ ಹೇಳಿದೆ ಅಷ್ಟೆ. ನೀನ್ಯಾಕೆ ಕೆಂಪಾದೆ?”

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಒಳ್ಳೆಯ ಕಾರು ಎಂದು ಹೇಳಿದರೆ ಅವನು ಸಮುದ್ರ ದಾಟುತ್ತಾನೆ. ತಂಗಿ ಎಂದರೆ ಉಳಿಯುತ್ತಾನೆ. ಆ ಬೆಟ್ಟಕ್ಕೆ, ಆ ರಸ್ತೆಗೆ ಅಕ್ಕನೇ ಸರಿ ಎಂದು ಅವಳ ಕೈಗಳಿಗೆ ಆಗಲೇ ಗೊತ್ತಾಗಿತ್ತು. ಈ ಸಂಕಟವನ್ನು ನುಂಗಲೂ ಆಗದು, ಉಗುಳಲೂ ಆಗದು.

‘ಅವನು ಹೂಂ ಅಂದಿದ್ದಾನೆ. ಹೋಗಲು ಅವನಿಗೇ ಇಷ್ಟ. ನನಗೇಕೆ ಈ ಹೊಟ್ಟೆನೋವು?’

ಮುಂದಿನ ವಾರದ ಒಂದು ಮಧ್ಯಾಹ್ನ ಮೇಸ್ತ್ರಿ ತಂಗಿಯ ಬಾನೆಟ್ ಎತ್ತಿ ಎಣ್ಣೆ ತುಂಬಿಸುತ್ತಿದ್ದ. ಅವಳು ಪಕ್ಕದಲ್ಲಿ ಫೆಂಡರಿಗೆ ಒರಗಿ ನಿಂತಿದ್ದಳು. ಕಪಾಟಿನಲ್ಲಿ ಎರಡು ಡಬ್ಬಗಳಿದ್ದವು. ಹಸಿರು ಎಣ್ಣೆ ತಂಗಿಯದು. ಕೆಂಪು ಎಣ್ಣೆ ಮೇಸ್ತ್ರಿ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಸಂಗ್ರಾಹಕರ ಕಾರಿನದು. ಅದು ತಂಗಿಗಿಂತ ಕೆಲವು ವರ್ಷ ಹಳೆಯ ಮಾದರಿ.

“ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತೆ ಅಲ್ವಾ? ಯಾವತ್ತಾದ್ರೂ ಹಾಕಿದ್ದೀರಾ?”

“ಕಣ್ಣು ಕಟ್ಟಿದ್ರೂ ವಾಸನೇಲೇ ಹೇಳ್ತೀನಿ ಯಾವುದು ಅಂತ,” ಎಂದ ಅವನು. ಅವನ ಮಟ್ಟಿಗೆ ಅದು ಭಾಷಣ.

ಅವಳಿಗೆ ಅಂದು ಮನಸ್ಸು ಹಗುರವಾಗಿತ್ತು. ತಾನು ಮೊದಲ ಬಾರಿ ಕಾರು ಓಡಿಸಲು ಕಲಿತದ್ದು, ಅಣ್ಣ ಪಕ್ಕದಲ್ಲಿ ಕೂತು ಕಣ್ಣುಮುಚ್ಚಿ ದೇವರ ಹೆಸರುಗಳನ್ನೆಲ್ಲ ಹೇಳಿದ್ದು, ದೇವರ ಹೆಸರು ಮುಗಿದ ಮೇಲೆ ನೆಂಟರ ಹೆಸರು ಹೇಳಿದ್ದು, ಎಲ್ಲ ಹೇಳಿ ಹೇಳಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಡಬ್ಬ ಬಗ್ಗಿಸಿ ಹಿಡಿದು ಕೇಳುತ್ತಲೇ ಇದ್ದ.

ಮರುದಿನ ಬೆಳಿಗ್ಗೆ ಅವಳು ಬಂದಾಗ ತಂಗಿ ನೆಲಕ್ಕೆ ಕೂತಿತ್ತು. ಚಕ್ರಗಳು ಬಿಚ್ಚಿದ್ದವು, ಕೊಳವೆಗಳು ಬಿಚ್ಚಿದ್ದವು. ಅಡಿಯ ತಟ್ಟೆಯಲ್ಲಿ ಹಸಿರಿನ ಜೊತೆ ಕೆಂಪು ಸುತ್ತಿಕೊಂಡಿತ್ತು.

ಅವಳಿಗೆ ಒಂದು ನಿಮಿಷ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಅರ್ಥವಾಯಿತು, ಅಥವಾ ಹಾಗೆಂದುಕೊಂಡಳು.

“ಇದಕ್ಕೆ ಕೆಂಪು ಎಣ್ಣೆ ಹಾಕಿದ್ದು ಯಾರು?”

“ನಾನೇ,” ಎಂದ ಮೇಸ್ತ್ರಿ.

“ನೀವಾ? ವಾಸನೇಲೇ ಗುರುತು ಹಿಡಿಯೋ ನೀವಾ?”

“ನನ್ನ ತಪ್ಪು.”

“ತಪ್ಪಾ, ಬೇಕಂತ ಮಾಡಿದ್ದಾ?”

ಅವನು ತಲೆ ಎತ್ತಿ ನೋಡಿದ. ಬಾಯಿ ತೆರೆದ. ಮುಚ್ಚಿಕೊಂಡ.

“ಹೇಳಿ. ಯಾಕೆ ಹೀಗಾಯ್ತು ಅಂತ ಒಂದೇ ಒಂದು ಕಾರಣ ಹೇಳಿ, ನಂಬ್ತೀನಿ.”

“ಹೇಳೋ ಹಾಗಿಲ್ಲ ಮೇಡಂ.”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ನನಗೆ ಗೊತ್ತಾಯ್ತು ಬಿಡಿ. ತಂಗಿ ಕೆಟ್ಟು ಕೂತ್ರೆ ಅಕ್ಕನೇ ಗೆಲ್ಲುತ್ತೆ. ಅಕ್ಕ ಗೆದ್ರೆ ನೀವು ಹಡಗು ಹತ್ತಬಹುದು. ಅಷ್ಟು ಅವಸರ ಇದ್ರೆ ನೀವು ಅಕ್ಕನನ್ನ ಚೆನ್ನಾಗಿ ಕಟ್ಟಿದ್ದೀರಿ ಅನ್ನೋದೇ ಸಾಕಿತ್ತು. ಇನ್ನೊಂದನ್ನ ಯಾಕೆ ಹಾಳು ಮಾಡಿದ್ರಿ?”

ಅವನ ಮುಖ ಬಿಳಿಚಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ.

ಎದುರಿನವರು ಜಗಳವಾಡಿದರೆ ಸಹಿಸಬಹುದು. ಹೀಗೆ ಸುಮ್ಮನಿದ್ದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅವಳು ಶೆಡ್ಡಿನ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ತಂಗಿ ಸರಿಯಾಗುವವರೆಗೆ ತೀರ್ಪು ಹೇಳುವುದಿಲ್ಲ ಎಂದು ಅವಳು ಧಣಿಗೆ ಹೇಳಿಬಿಟ್ಟಳು. ಕೆಟ್ಟು ಕೂತ ಕಾರಿನೊಂದಿಗೆ ಹೋಲಿಸುವುದು ನ್ಯಾಯವಲ್ಲ. ಮೇಸ್ತ್ರಿ ಒಂದೊಂದೇ ಕೊಳವೆ ತೊಳೆದು, ಒಂದೊಂದೇ ರಬ್ಬರು ಬದಲಿಸಿದ. ಅವನ ಕಣ್ಣುಗಳು ಗುಳಿಬಿದ್ದವು. ಅವಳು ಬರುತ್ತಿದ್ದಳು, ನೋಡುತ್ತಿದ್ದಳು, ಹೋಗುತ್ತಿದ್ದಳು. ನಡುವೆ ಮಾತಿಲ್ಲ.

“ನಿಮ್ಮಿಬ್ಬರಿಗೂ ಹಲ್ಲುನೋವಾ?” ಎಂದು ಡಾಕ್ಟರಮ್ಮ ಒಂದು ಬಾರಿ ಕೇಳಿದರು. ಇಬ್ಬರೂ ಇಲ್ಲ ಎಂದರು. “ಮತ್ತೆ ಮುಖ ಯಾಕೆ ಊದಿದೆ?” ಎಂದರು. ಇಬ್ಬರೂ ಒಂದೊಂದು ಕಾರಿನ ಕಡೆ ತಿರುಗಿಕೊಂಡರು.

ಕೊನೆಗೆ ತಂಗಿ ಎದ್ದು ನಿಂತಿತು. ಅವಳು ಎರಡನ್ನೂ ಮತ್ತೆ ಓಡಿಸಿದಳು, ಈ ಬಾರಿ ಒಬ್ಬಳೇ. ತಂಗಿ ಮೊದಲಿಗಿಂತ ಸೊಗಸಾಗಿತ್ತು. ಬೇಕೆಂದು ಹಾಳು ಮಾಡಿದವನು ಇಷ್ಟು ಮನಸ್ಸಿಟ್ಟು ಸರಿಮಾಡುತ್ತಾನೆಯೇ? ಆ ಪ್ರಶ್ನೆ ಅವಳನ್ನು ಚುಚ್ಚಿತು. ಜೊತೆಗೆ ಆಸೆಯೊಂದೂ ಎದ್ದು ಕೂತಿತು. ‘ತಂಗಿಯೇ ಮೇಲು ಅಂತ ಹೇಳಿಬಿಟ್ಟರೆ? ಒಂದೇ ಒಂದು ಮಾತು. ಯಾರಿಗೂ ಅನುಮಾನ ಬರುವುದಿಲ್ಲ. ಅವನು ಇಲ್ಲೇ ಇರುತ್ತಾನೆ. ಕೋಪದಲ್ಲಾದರೂ ಇಲ್ಲೇ ಇರುತ್ತಾನೆ...’

ಇಡೀ ದಾರಿ ಅವಳು ಆ ಮಾತನ್ನು ನಾಲಗೆಯ ಮೇಲಿಟ್ಟುಕೊಂಡು ಬಂದಳು.

ತೀರ್ಪು ಹೇಳುವುದು ಬಾಯಿಮಾತಿನಲ್ಲೇ. ಎರಡು ಕಾರುಗಳ ಬಾನೆಟ್ ಎತ್ತಿ ನಿಲ್ಲಿಸಿ, ನಡುವೆ ನಿಂತು, ಒಡೆಯರಿಗೂ ಕೊಳ್ಳುವವರಿಗೂ ಒಟ್ಟಿಗೇ ಹೇಳಬೇಕು. ಹೇಳಿದ ಮೇಲೆ ಬದಲಿಸುವಂತಿಲ್ಲ. ರಿಪೇರಿ ಮಾಡಿದವರು ಆ ಹೊತ್ತಿಗೆ ಅಲ್ಲಿ ಇರುವಂತಿಲ್ಲ. ಮೇಸ್ತ್ರಿ ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ನಿಂತ.

ಧಣಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಡಾಕ್ಟರಮ್ಮ ಕುರ್ಚಿಯಲ್ಲಿ ಕೂತಿದ್ದರು. ಅವಳು ನಡುವೆ ನಿಂತು ಒಮ್ಮೆ ಅಕ್ಕನನ್ನು ನೋಡಿದಳು, ಒಮ್ಮೆ ತಂಗಿಯನ್ನು.

“ತಂಗಿಯಷ್ಟು ಹಿತವಾದ ಗಾಡಿ ನಾನು ಓಡಿಸಿಲ್ಲ,” ಎಂದು ಶುರುಮಾಡಿದಳು. “ಮೂವತ್ತು ವರ್ಷದಲ್ಲಿ ಒಂದು ಕಂಪನಿ ಎಷ್ಟು ಮುಂದೆ ಹೋಗಬಹುದು ಅಂತ ನೋಡೋಕೆ ಇವರಿಬ್ಬರನ್ನ ಪಕ್ಕಪಕ್ಕ ನಿಲ್ಲಿಸಿದ್ರೆ ಸಾಕು. ನಯವಾದ ರಸ್ತೆ, ಹತ್ತಿರದಲ್ಲೇ ಕೆಲಸ ಬಲ್ಲ ಮೇಸ್ತ್ರಿ, ಇವೆರಡೂ ಇರೋ ಸಂಗ್ರಾಹಕರಿಗೆ ತಂಗಿ ಚಿನ್ನ.”

ಧಣಿ ತಲೆಯಾಡಿಸಿದರು. ಇಲ್ಲಿಗೆ ನಿಲ್ಲಿಸಬಹುದಿತ್ತು.

“ಆದ್ರೆ ನಿಮ್ಮ ಬೆಟ್ಟಕ್ಕೆ ಅಕ್ಕನೇ ಸರಿ,” ಎಂದಳು. ಹೇಳಿಬಿಟ್ಟಳು. “ಬಂದರು ನಿಮಗೆ ಒಂದು ದಿನದ ದಾರಿ. ದಾರಿಯಲ್ಲಿ ತಂಗಿಯ ಕೊಳವೆ ಒಡೆದ್ರೆ ಬ್ರೇಕಿಂದ ಹಿಡಿದು ಎಲ್ಲಾ ಕೈಕೊಡುತ್ತೆ. ಅಕ್ಕ ಕೆಟ್ರೆ ಯಾಕೆ ಕೆಟ್ಟಳು ಅಂತ ಅವಳೇ ತೋರಿಸ್ತಾಳೆ. ಎಲ್ಲ ಕಬ್ಬಿಣ, ಎಲ್ಲ ಕಣ್ಣಿಗೆ ಕಾಣುತ್ತೆ. ಇಷ್ಟು ಗಟ್ಟಿಯಾಗಿ ಕಟ್ಟಿದ ಗಾಡೀನ ನಿಮ್ಮ ತೋಟದ ಟ್ರ್ಯಾಕ್ಟರ್ ರಿಪೇರಿ ಮಾಡೋರೂ ನೋಡ್ಕೊಳ್ಳಬಹುದು.”

ಧಣಿ ಟೋಪಿಯನ್ನು ಒಮ್ಮೆ ತಿರುಗಿಸಿದರು. “ಅಂದ್ರೆ... ಹಳೇದು ಅಂತ ನಾನು ಹೆದರಿದ್ದು ದಂಡ. ಆ ಮೇಸ್ತ್ರಿ ನಮ್ಮ ಜೊತೆ ಬರಬೇಕಾಗಿಲ್ಲ?”

ಅವಳು ಗರಬಡಿದವಳಂತೆ ನಿಂತಳು. ಇಷ್ಟು ದಿನ ಕಾರುಗಳನ್ನು ಹೀಗೆ ಬಿಚ್ಚಿ ನೋಡಿದವಳಿಗೆ ಈ ಸಣ್ಣ ವಿಷಯ ಹೊಳೆದಿರಲಿಲ್ಲ. ತಲೆ ಅಷ್ಟು ಕೆಟ್ಟಿತ್ತು.

“ಬೇಕಾಗಿಲ್ಲ,” ಎಂದಳು ಮೆಲ್ಲಗೆ. ನಿಜ ಅದೇ ಆಗಿತ್ತು.

“ಒಳ್ಳೇದೇ ಆಯ್ತು. ಒಬ್ಬ ಮನುಷ್ಯನ್ನ ಬೇರುಸಮೇತ ಕಿತ್ತುಕೊಂಡು ಹೋಗೋಕೆ ನನಗೂ ಮನಸ್ಸಿರಲಿಲ್ಲ,” ಎಂದರು ಧಣಿ.

“ಬೇರು ಕೀಳೋ ಕಷ್ಟ ನನ್ನನ್ನ ಕೇಳಿ,” ಎಂದರು ಡಾಕ್ಟರಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. ಅವರ ಅಕ್ಕ ಹೊರಟಳಲ್ಲ.

ಅವಳು ಹಿತ್ತಲಿಗೆ ನಡೆದಳು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಷ್ಟು ಆಸೆಪಟ್ಟವನ ಪ್ರಯಾಣ ತನ್ನ ಬಾಯಿಂದಲೇ ತಪ್ಪಿತಲ್ಲ... ಏನು ಮಾಡಿದರೂ ತಪ್ಪೇ ಆಗುತ್ತಿದೆಯಲ್ಲ ಎಂದು ಅಳುವಂತಾಯಿತು.

ಮೇಸ್ತ್ರಿ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದ.

“ಅಕ್ಕನೇ,” ಎಂದಳು ಅವಳು.

“ಗೊತ್ತಿತ್ತು. ನೀವು ಸುಳ್ಳು ಹೇಳಲ್ಲ.”

“ಆದ್ರೆ ನೀವು ಹೋಗೋದು ತಪ್ಪಿತು. ಅಕ್ಕನನ್ನ ಯಾರು ಬೇಕಾದ್ರೂ ನೋಡ್ಕೊಳ್ಳಬಹುದು ಅಂದೆ. ಹಾಗಾದ್ರೆ ಮೇಸ್ತ್ರಿ ಬೇಡ ಅಂದ್ರು. ಬೈಯೋದಿದ್ರೆ ಬೈದುಬಿಡಿ. ಸುಮ್ಮನೆ ಮಾತ್ರ ಇರಬೇಡಿ, ನನ್ನಿಂದಾಗಲ್ಲ.”

ಅವನು ಅವಳನ್ನೇ ನೋಡಿದ. ಆಮೇಲೆ ನಗತೊಡಗಿದ. ತುಟಿಯ ಮೂಲೆಯ ನಗುವಲ್ಲ. ಭುಜ ಕುಲುಕುವ ನಗು. ನಗುನಗುತ್ತಲೇ ತೋಳಿನಿಂದ ಕಣ್ಣು ಒರೆಸಿಕೊಂಡ.

“ನಗ್ತೀರಲ್ಲ, ನಿಮಗೆ ಹೋಗೋಕೆ ಇಷ್ಟ ಇತ್ತಲ್ವಾ?”

“ನೀವು ಬರೋಕೆ ಮುಂಚೆ ಹೂಂ ಅಂದಿದ್ದೆ. ಆಗ ಇಲ್ಲೇನಿತ್ತು ನನಗೆ? ಆಮೇಲೆ ಬೇಡ ಅನ್ನಿಸ್ತು. ಕೊಟ್ಟ ಮಾತು, ಹೇಗೆ ಹಿಂದೆ ತಗೊಳ್ಳಲಿ?”

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ಮತ್ತೆ ಆ ಕೆಂಪು ಎಣ್ಣೆ?”

ಅವನು ನೆಲ ನೋಡಿದ.

“ಈಗ ತೀರ್ಪು ಹೇಳಿ ಆಯ್ತಾ?”

“ಆಯ್ತು.”

“ಇನ್ನು ಬದಲಿಸೋ ಹಾಗಿಲ್ಲ ತಾನೆ?”

“ಇಲ್ಲ.”

“ಹಾಗಾದ್ರೆ ಹೇಳಬಹುದು,” ಎಂದ ಅವನು. “ಅವತ್ತು ನೀವು ನಗ್ತಿದ್ರಿ. ಕಪಾಟಿಗೆ ಕೈ ಹಾಕಿದೆ, ಡಬ್ಬ ತೆಗೆದೆ, ಬಗ್ಗಿಸಿದೆ. ಯಾವ ಡಬ್ಬ ಅಂತ ನೋಡಲಿಲ್ಲ. ನಿಮ್ಮನ್ನ ನೋಡ್ತಿದ್ದೆ.”

ಅವಳು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು.

“ಇದನ್ನ ಅವತ್ತೇ ಹೇಳಿದ್ರೆ ಏನಾಗ್ತಿತ್ತು?” ಎಂದಳು ಅವಳು. “ನಾನು ಎಷ್ಟು ಕೆಟ್ಟ ಮಾತಾಡಿದೆ ನಿಮಗೆ... ಕೇಳಿಸಿಕೊಂಡು ನಿಂತಿದ್ರಲ್ಲ.”

“ಹೇಳಿದ್ರೆ ನಿಮ್ಮ ತೀರ್ಪಿಗೆ ಬೆಲೆ ಇರ್ತಿರಲಿಲ್ಲ. ಮೇಸ್ತ್ರಿಗೋಸ್ಕರ ಹೇಳಿದ್ಳು ಅಂತಿದ್ರು. ನನ್ನನ್ನ ಕಳ್ಳ ಅಂದ್ರೂ ತಡ್ಕೊಳ್ಳಬಹುದು. ನಿಮ್ಮನ್ನ ಹಾಗೆ ಅಂದ್ರೆ ಆಗಲ್ಲ.”

ಅವಳು ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ನನ್ನನ್ನ ಕ್ಷಮಿಸಿ.”

“ಬಿಡಿ.”

“ಬಿಡಿ ಅಂದ್ರೆ ಸಾಲದು. ಇನ್ನೂ ಒಂದು ಮಾತು ಬಾಕಿ ಇದೆ. ಅದನ್ನ ನಾನು ಊಹೆ ಮಾಡ್ಕೊಳ್ಳಲ್ಲ. ಊಹೆ ಮಾಡಿ ಮಾಡಿ ಸಾಕಾಗಿದೆ.”

ಅವನು ಉಗುರಿನಲ್ಲಿ ಕಟ್ಟೆಯ ಪಾಚಿ ಕೆರೆದ. ಗಂಟಲು ಸರಿಮಾಡಿಕೊಂಡ. ಒಮ್ಮೆ ಶೆಡ್ಡಿನ ಕಡೆ ನೋಡಿ, ಮತ್ತೆ ಅವಳ ಕಡೆ ತಿರುಗಿದ.

“ನನಗೆ ನೀವು ಬೇಕು,” ಎಂದ. “ದಿನಾ. ಬೈಯೋಕಾದ್ರೂ ಸರಿ.”

“ನನಗೂ ನೀವು ಬೇಕು,” ಎಂದಳು ಅವಳು. “ಆದ್ರೆ ಹೀಗೆ ಮೂಗನ ಥರ ಇದ್ರೆ ನಾನು ಹುಚ್ಚಿಯಾಗ್ತೀನಿ. ಮಾತಾಡಬೇಕು.”

“ಕಲೀತೀನಿ.”

“ಯಾವಾಗಿಂದ?”

“ಈಗ ಆಡಿದ್ದೇ ನನ್ನ ಒಂದು ವರ್ಷದ ಮಾತು.”

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅವನು ಅವಳ ಕೆನ್ನೆ ಒರೆಸಲು ಕೈ ಎತ್ತಿದ, ಎಣ್ಣೆಯ ಕೈ ಎಂದು ಅರ್ಧಕ್ಕೇ ನಿಲ್ಲಿಸಿದ. ಅವಳೇ ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

“ಅಕ್ಕ ಹೋಗ್ತಾಳಲ್ಲ, ಬೇಜಾರಾಗಲ್ವಾ?”

“ಆಗುತ್ತೆ. ತುಂಬಾ ಆಗುತ್ತೆ.” ಅವನು ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. “ಪಕ್ಕದಲ್ಲಿ ಕೂತಿರಿ. ಹೋಗಬೇಡಿ.”

“ಹೋಗಲ್ಲ,” ಎಂದಳು ಅವಳು.